ಮುಲಾಮಿನ ಟ್ಯೂಬ್ ಓದುವವಳು

ಮುಚ್ಚಳ ಕೈಜಾರಿ ಠಣ್ಣೆಂದು ಬಿದ್ದು ಕಪಾಟಿನ ಕಾಲಿನವರೆಗೂ ಉರುಳಿತು, ಅಲ್ಲಿ ಗಿರಗಿರ ಸುತ್ತಿ, ಇನ್ನೇನು ನಿಂತೆ ಎನ್ನುತ್ತ ಮತ್ತೂ ಒಂದು ಸುತ್ತು ಹೊಡೆದು ನಿಂತಿತು — ಬಗ್ಗಿ ಎತ್ತಿಕೊಳ್ಳಬೇಕು, ಎತ್ತಿಕೊಳ್ಳಬೇಕಾದರೆ ಸೊಂಟ ಒಪ್ಪಬೇಕು, ಸೊಂಟ ಈಗೀಗ ಅವಳ ಮಾತಿಗೆ ಮೂರು ಕಾಸಿನ ಬೆಲೆ ಕೊಡುವುದಿಲ್ಲ, ಬಿದ್ದಿರಲಿ, ಅಷ್ಟರಲ್ಲಿ ತೆರೆದ ಡಬ್ಬಿಯಿಂದ ವಾಸನೆ ಮೇಲಕ್ಕೆ ಬಂತು, ಡಾಂಬರಿನ ಮುಲಾಮಿನ ವಾಸನೆ, ಹೊಸ ರಸ್ತೆ ಹಾಕುವ ಕಡೆ ಬರುತ್ತದಲ್ಲ ಅದೇ, ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ಅವಳು ಮಾತ್ರ ಈ ಚರ್ಮದ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನರ್ಸಾಗಿ ಮೂವತ್ತೊಂದು ವರ್ಷ ಕಳೆದರೂ ಪ್ರತಿ ಹೊಸ ಡಬ್ಬಿ ತೆರೆದಾಗ ಅತ್ತಿತ್ತ ಕಳ್ಳಿಯ ಹಾಗೆ ನೋಡಿ ಒಂದು ಉಸಿರು ಉದ್ದಕ್ಕೆ ಎಳೆದುಕೊಳ್ಳುತ್ತಾಳೆ. ಇವತ್ತು ನೋಡುವವರಿಲ್ಲ. ಪರದೆಯ ಆಚೆ ಪೋಸ್ಟಮ್ಮ ರವಿಕೆಯ ಗುಂಡಿ ಬಿಚ್ಚುತ್ತಿದ್ದಾರೆ, ಒಂದು, ಆಮೇಲೆ ಇನ್ನೊಂದು, ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಹೊಡೆದ ಕೈ, ಅದಕ್ಕೂ ಈಗ ಅವಸರವಿಲ್ಲ. ಮೇಜಿನ ಮೇಲೆ ಪೋಸ್ಟಮ್ಮ ತಂದ ಮೂರು ಖಾಲಿ ಟ್ಯೂಬು, ಪಕ್ಕದಲ್ಲಿ ಡಾಕ್ಟರು ಈಗಷ್ಟೇ ಬರೆದ ಚೀಟಿ. ವಾರಕ್ಕೊಂದು ಮಾತ್ರೆ. ಸಿಸ್ಟರ್, ಇವರು ಸರಿಯಾಗಿ ಹಚ್ಕೋತಿದಾರೆ ತಾನೇ, ಎಂದು ಡಾಕ್ಟರು ಕೇಳಿದ್ದರು, ಹುಡುಗುಮುಖದ ಡಾಕ್ಟರು, ಕೇಳುವಾಗಲೇ ಕಣ್ಣು ಮುಂದಿನ ಫೈಲಿನ ಮೇಲೆ, ಅವಳೂ ಹಿಂದೆಮುಂದೆ ನೋಡದೆ ಅಂದಿದ್ದಳು, ಹಚ್ಕೋತಿದಾರೆ ಸರ್, ತಿಂಗಳಿಗೆ ಮೂರು ಟ್ಯೂಬ್ ಖಾಲಿ, ನಾನೇ ನೋಡಿದೀನಿ. ಹಾಗಾದ್ರೆ ಮುಲಾಮು ಇವರಿಗೆ ಕೆಲಸ ಮಾಡ್ತಿಲ್ಲ, ಮಾತ್ರೆ ಶುರು ಮಾಡೋಣ, ಲಿವರ್ ಸ್ವಲ್ಪ ಅಂಚಿನಲ್ಲಿದೆ, ಆದ್ರೂ ಬೇರೆ ದಾರಿ ಇಲ್ಲ, ನೀವು ಬೆನ್ನಿನ ಚಿತ್ರದ ಹಾಳೇಲಿ ಮಚ್ಚೆ ಗುರುತು ಹಾಕ್ಕೊಂಡು ಮಾತ್ರೆ ಕೊಟ್ಟು ಕಳಿಸಿಬಿಡಿ. ಅಂಚು ಎಂದರೆ ಏನೆಂದು ಅವಳಿಗೆ ಗೊತ್ತು, ಅಂಚಿನಲ್ಲಿದ್ದ ಲಿವರು ಈ ಮಾತ್ರೆಗೆ ಜಾರಿ ಬಿದ್ದದ್ದನ್ನು ಅವಳು ಎರಡು ಸಲ ಕಣ್ಣಾರೆ ಕಂಡವಳು. ಆದರೂ ಏನು ಮಾಡುವುದು, ಟ್ಯೂಬಂತೂ ಖಾಲಿ, ಆಯ್ತಾ ಅಮ್ಮಾ, ಎಂದಳು, ಇನ್ನೊಂದ್ನಿಮಿಷ ಸಿಸ್ಟರಮ್ಮ, ಎಂದಿತು ಪರದೆ.

ಆ ವಾಸನೆಗೆ ಒಂದು ಹೊತ್ತಿದೆ, ಮುಸ್ಸಂಜೆ, ಅಂಗಡಿಯ ಬಾಗಿಲನ್ನು ಅಪ್ಪ ಅರ್ಧ ಎಳೆಯುತ್ತಿದ್ದ ಹೊತ್ತು — ಅಪ್ಪ ದರ್ಜಿ, ಅಂಗಡಿಯ ಹಿಂದೆಯೇ ಇವರಿಬ್ಬರ ಕೋಣೆ, ಅಮ್ಮ ಇವಳಿಗೆ ನೆನಪೇ ಇಲ್ಲದಷ್ಟು ಹಿಂದೆ ಹೋದವಳು — ಹೊಲಿಗೆಯಂತ್ರದ ಮೇಲೆ ಬಟ್ಟೆ ಮುಚ್ಚಿ, ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ಅದರ ಬೆನ್ನಿಗೆ ತನ್ನ ಎದೆಯಾನಿಸಿ ಕುದುರೆ ಏರಿದವನ ಹಾಗೆ ಕೂತು, ಬಾರಮ್ಮ ನನ್ನ ಡಾಕ್ಟರಮ್ಮ, ಎಂದು ಅಂಗಿ ಬಿಚ್ಚುತ್ತಿದ್ದ. ಹಗಲೆಲ್ಲ ತುಂಬುತೋಳಿನ ಅಂಗಿ, ಬೇಸಿಗೆಯಲ್ಲೂ ಕತ್ತಿನ ಗುಂಡಿ ಹಾಕಿದ್ದು, ಅಂಗಡಿಗೆ ಬಂದವರ ಬೆನ್ನು ಭುಜವನ್ನೆಲ್ಲ ಅಳೆದು ಬರೆದುಕೊಳ್ಳುತ್ತಿದ್ದವನು, ಅವನ ಬೆನ್ನು ಮಾತ್ರ ಯಾರೂ ಕಂಡವರಿಲ್ಲ, ಅವಳೊಬ್ಬಳೇ, ಎಂಟು ವರ್ಷದವಳು, ಒಂಬತ್ತರವಳು, ಹತ್ತರವಳು. ಕೆಂಪು ಕೆಂಪು ಮಚ್ಚೆ, ಮೇಲೆ ಬೆಳ್ಳಿಯ ಹಾಗೆ ಹಕ್ಕಳೆ, ಕೆರೆದರೆ ಪುಡಿಯುದುರುವುದು, ಕೆಲವು ನಾಣ್ಯದಷ್ಟು, ಒಂದು ಮಾತ್ರ ಊಟದ ತಟ್ಟೆಯಷ್ಟು, ಅದಕ್ಕೆ ಇಬ್ಬರೂ ಸೇರಿ ದೊಡ್ಡ ದೇಶ ಎಂದು ಹೆಸರಿಟ್ಟಿದ್ದರು, ಎಡಭುಜದ ಕೆಳಗಿನ ಎರಡು ಅಣ್ಣತಮ್ಮ, ಸೊಂಟದ ಹತ್ತಿರದ ಉದ್ದನೆಯದು ಓತಿ. ದೊಡ್ಡ ದೇಶದಲ್ಲಿ ಏನಮ್ಮಾ ಸಮಾಚಾರ? ಕುಗ್ಗಿದೆ ಅಪ್ಪ, ಒಂದು ಬೆರಳು ಕುಗ್ಗಿದೆ. ಭೇಷ್, ಅಣ್ಣತಮ್ಮ? ಜಗಳ ಆಡ್ಕೊಂಡು ದೂರ ಆಗಿದಾರೆ. ಆಗಲಿ ಬಿಡು, ಒಬ್ಬ ದೇಶಾಂತರ ಹೋದ್ರೂ ಒಳ್ಳೇದೇ. ಅವನ ನಗು ಬೆನ್ನಿನ ಮೂಲಕ ಅವಳ ಬೆರಳಿಗೆ ಬರುತ್ತಿತ್ತು, ಮೊದಲು ಬೆನ್ನು ಅಲುಗುವುದು, ಆಮೇಲೆ ಸದ್ದು ಕೇಳುವುದು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಬೆನ್ನ ಹುಣ್ಣಿಗೆ ಮಾತ್ರ ಮಗಳು ಬೇಕು ನೋಡು, ಎನ್ನುತ್ತಿದ್ದ, ಗಾದೆಗೆ ಬಾಲ ಕಟ್ಟುವುದು ಅವನ ಚಟ. ತುಂಬ ಉಜ್ಜಬೇಡ, ಸವರು, ಕೂದಲು ಹೋಗೋ ದಿಕ್ಕಿಗೆ ಸವರು, ಬೆಣ್ಣೆ ತೆಗೆಯೋ ಹಾಗಿರಬೇಕು ಕೈ — ಇದನ್ನೇ ಅಲ್ಲವೇ ಅವಳು ಮೂವತ್ತೊಂದು ವರ್ಷ ಸಾವಿರ ಜನಕ್ಕೆ ಹೇಳಿದ್ದು, ನರ್ಸಿಂಗ್ ಶಾಲೆಯಲ್ಲಿ ಕಲಿತದ್ದೆಂದು ಅವರೆಲ್ಲ ನಂಬಿದರು, ದರ್ಜಿಯ ಅಂಗಡಿಯಲ್ಲಿ ಕಲಿತದ್ದು. ಮುಗಿದ ಮೇಲೆ ಚಿಂದಿಯ ಬುಟ್ಟಿಯಿಂದ ಅವಳಿಗೆ ಬೇಕಾದ ಬಣ್ಣದ ತುಂಡೊಂದನ್ನು ಆರಿಸಿಕೊಳ್ಳಬಹುದಿತ್ತು, ಹಳದಿ ಸಿಕ್ಕ ದಿನ ಹಬ್ಬ. ಎಂಥ ಸುಖವಾಗಿದ್ದಳು ಆಗ, ಗಬ್ಬು ವಾಸನೆಯ ನಡುವೆ, ಕರಿ ಬೆರಳಿನ ಹುಡುಗಿ.

ಟ್ಯೂಬು ಓದುವುದನ್ನು ಕಲಿಸಿದ್ದು ಹಳೆಯ ದೊಡ್ಡ ಡಾಕ್ಟರು. ಈ ಹಕ್ಕಳೆ ರೋಗ ಜ್ವರವಲ್ಲಮ್ಮ ಮೂರು ದಿನಕ್ಕೆ ಬಿಟ್ಟು ಹೋಗೋಕೆ, ನಾಯಿಬಾಲ, ಕೈ ಬಿಟ್ಟ ತಕ್ಷಣ ಡೊಂಕು, ದಿನಾ ಹಚ್ಚಬೇಕು, ವರ್ಷಗಟ್ಟಲೆ, ಯಾರಿಗಿದೆ ತಾಳ್ಮೆ, ಹಚ್ಚಿದೆ ಅಂತಾರೆ ಹಚ್ಚಿರಲ್ಲ, ರೋಗಿ ಸುಳ್ಳು ಹೇಳಬಹುದು, ಟ್ಯೂಬ್ ಹೇಳಲ್ಲ, ಖಾಲಿ ಟ್ಯೂಬ್ ತಂದು ತೋರಿಸೋಕೆ ಹೇಳು. ಅಂದಿನಿಂದ ಈ ಕೋಣೆಯ ಪದ್ಧತಿ ಅದು, ಹಳೇ ಟ್ಯೂಬು ತಂದವರಿಗೇ ಹೊಸದು, ಬಾಗಿಲಲ್ಲಿ ಎಲ್ಲರ ಮುಂದೆಯೇ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ಹೇಳುವಳು, ಇದು ಎರಡು ದಿನದಲ್ಲಿ ಹಿಂಡಿದ್ದು, ಇದು ಬೀರುವಿನಲ್ಲೇ ಮಲಗಿತ್ತು, ಇದನ್ನ ನಿಮ್ಮ ಮೊಮ್ಮಗು ಕಚ್ಚಿದೆ. ಗಾಜಿನಂಗಡಿಯವನಿಗೆ, ಅರ್ಧ ತುಂಬಿದ ಟ್ಯೂಬು ತಂದಿದ್ದಕ್ಕೆ, ಚರ್ಮ ನಿಂದಾ ನಂದಾ, ಎಂದು ಬೈದದ್ದಕ್ಕೆ ಇಡೀ ಸಾಲು ನಕ್ಕಿತ್ತು. ಕೆರೆತದ ಕಂಟ್ರಾಕ್ಟರು ಎಂದು ಅವಳೇ ಹೆಸರಿಟ್ಟ ಮುದುಕರು, ಸಿಸ್ಟರ ಭಯಕ್ಕೇ ಹಚ್ಕೋತೀನಿ, ಇಲ್ಲಾಂದ್ರೆ ಯಾವನಿಗೆ ಬೇಕು, ಎನ್ನುತ್ತಿದ್ದರು, ಅವರ ಮೊಣಕೈ ಈಗ ಕನ್ನಡಿಯ ಹಾಗಿದೆ. ಹೆಮ್ಮೆಯೇ ಇತ್ತು, ಇಲ್ಲವೆನ್ನುವುದೇಕೆ. ಹೊಸ ನರ್ಸುಗಳು ಬಂದು ನಿಂತು ನೋಡುತ್ತಿದ್ದರು. ಆದರೆ ಎಲ್ಲಕ್ಕಿಂತ ಚಂದದ ಟ್ಯೂಬು ಬರುತ್ತಿದ್ದದ್ದು ಪೋಸ್ಟಮ್ಮನ ಚೀಲದಿಂದ, ತಳದಿಂದ ಮೇಲಕ್ಕೆ ಹಾಸಿಗೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿದ್ದು, ಒಂದು ಗೆರೆ ಅತ್ತಿತ್ತ ಇಲ್ಲ, ಹಿಂದೆಯೇ ಅವರ ಯಜಮಾನರು, ಮಾತಿಲ್ಲ ಕತೆಯಿಲ್ಲ, ಛತ್ರಿಯನ್ನು ತೊಡೆಯ ನಡುವೆ ಊರಿ ಬೆಂಚಿನ ತುದಿಯಲ್ಲಿ ಕೂರುವವರು. ಹನ್ನೆರಡು ವರ್ಷ ಹಾಗೆ. ನಿಮ್ಮ ಹಾಗೆ ಎಲ್ಲರೂ ಇದ್ದಿದ್ರೆ ನನಗೆ ಕೆಲಸವೇ ಇರ್ತಿರಲಿಲ್ಲ ಅಮ್ಮಾ, ಎಂದರೆ ಪೋಸ್ಟಮ್ಮ ಗಂಡನ ಕಡೆ ನೋಡಿ ನಕ್ಕು ಸುಮ್ಮನಾಗುವರು. ಹೋದ ವರ್ಷ ಚಳಿ ಶುರುವಾದಾಗ ಆತ ಹೋಗಿಬಿಟ್ಟರು, ಇವಳು ಕೈ ಹಿಡಿದು ಎರಡು ಮಾತು ಆಡಿದಳು, ಔಷಧಿ ಮಾತ್ರ ಬಿಡಬೇಡಿ ಅಮ್ಮಾ, ಎಂದೂ ಆಡಿದಳು, ಎಂಥ ಬಾಯಿ ಇದು. ಮುಂದಿನ ತಿಂಗಳು ಟ್ಯೂಬು ತುಂಬಿಯೇ ವಾಪಸು ಬಂದಾಗ ಎಲ್ಲರ ಮುಂದೆ ಬೈದಳು, ನೀವೇ ಹೀಗೆ ಮಾಡಿದ್ರೆ ಹೇಗೆ? ಅದರ ಮುಂದಿನ ತಿಂಗಳಿಂದ ಮೂರೂ ಖಾಲಿ. ಮೂರೂ ಖಾಲಿಯೇ, ಆದರೆ — ಅವಳು ಈಗ ಮೇಜಿನ ಮೇಲಿನ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ಅಭ್ಯಾಸ — ಸುತ್ತಿಲ್ಲ. ನಟ್ಟನಡುವೆ ಒತ್ತಿದೆ. ಕುತ್ತಿಗೆಯ ಹತ್ತಿರ ಸಣ್ಣ ಸಣ್ಣ ಒತ್ತು, ದಿನಾ ಬಟಾಣಿಯಷ್ಟು ತೆಗೆದದ್ದು, ಉಳಿದದ್ದೆಲ್ಲ ಒಂದೇ ಸಲ, ಒಂದೇ ಮುಷ್ಟಿಯಲ್ಲಿ, ಹೆಬ್ಬೆರಳಿನ ಗುಳಿ ಇನ್ನೂ ಇದೆ. ಇನ್ನೊಂದೂ ಹಾಗೆಯೇ. ಮೂರನೆಯದೂ.

ಒಂದು ವರ್ಷ ಇದು ಕಣ್ಣೆದುರಿಗೇ ಇತ್ತು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಹೇಳುವವಳು, ಖಾಲಿ ಎಂಬುದೊಂದನ್ನೇ ಓದಿ ಪುಸ್ತಕ ಮುಚ್ಚಿದಳು, ಕ್ರಮವಾಗಿ ಹಚ್ಚುತ್ತಿದ್ದಾರೆ ಎಂದು ಫೈಲಿನಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ಹನ್ನೊಂದು ಸಲ ಬರೆದಳು, ಬೆನ್ನನ್ನು ಒಂದು ಸಲವೂ ನೋಡಲಿಲ್ಲ, ಟ್ಯೂಬು ನೋಡಿದ ಮೇಲೆ ಬೆನ್ನು ಯಾಕೆ. ಖಾಲಿ ಡಬ್ಬಿ ತೋರಿಸುವುದು ಅಪ್ಪನಿಗೂ ಎಷ್ಟು ಚೆನ್ನಾಗಿ ಬರುತ್ತಿತ್ತು. ಹದಿನೆಂಟಕ್ಕೆ ಅವಳು ನರ್ಸಿಂಗ್ ಹಾಸ್ಟೆಲಿಗೆ ಹೋದಳಲ್ಲ, ರಜೆಗೆ ಬಂದಾಗಲೆಲ್ಲ ಬಾಗಿಲಲ್ಲೇ ಸ್ಲೇಟು ತೋರಿಸುವ ಹುಡುಗನ ಹಾಗೆ ಡಬ್ಬಿ ತಿರುಗಿಸಿ ತಳ ತೋರಿಸುತ್ತಿದ್ದ, ನೋಡಿ ಸಿಸ್ಟರೇ, ಪೂರ್ತಿ ಖರ್ಚು, ಪಾಸಾ ಫೇಲಾ? ಪಾಸು ಅಪ್ಪ. ಕೊಡು, ಇವತ್ತು ನಾನೇ ಹಚ್ತೀನಿ. ಬೇಡಮ್ಮ, ದೊಡ್ಡವಳಾದೆ, ನಿನ್ನ ಬಿಳಿ ಬಟ್ಟೆಗೆ ವಾಸನೆ ಹತ್ತತ್ತೆ, ನಾನೇನು ಮಗುವಾ, ನನಗೇ ಹಚ್ಕೊಳೋಕೆ ಬರತ್ತೆ. ಅವಳು ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಹಾಸ್ಟೆಲಿನಲ್ಲಿ ಮೊದಲ ವಾರವೇ ಪಕ್ಕದ ಮಂಚದ ಹುಡುಗಿ ಅವಳ ಟ್ರಂಕು ಮೂಸಿ, ಏನೇ ಇದು, ನಿಮ್ಮನೇಲಿ ರಸ್ತೆ ಹಾಕ್ತಾರಾ, ಎಂದು ಕೇಳಿದ್ದಳು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಆಮೇಲೆ ಬಚ್ಚಲಿನಲ್ಲಿ ಬೆರಳು ಉಜ್ಜಿ ಉಜ್ಜಿ ತೊಳೆದಳು. ಅಪ್ಪ ಬೇಡ ಎಂದಾಗ ಅವಳಿಗೆ ಹಾಯೆನಿಸಿತು, ಅದು ನಿಜ, ಯಾರಿಗೂ ಹೇಳಿಲ್ಲ, ಹಾಯೆನಿಸಿತು. ಬಿಳಿ ಬಟ್ಟೆ ತೊಟ್ಟು ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು ಅವನಿಗೇ ಪಾಠ ಮಾಡಿದಳು, ತಪ್ಪಿಸಬಾರದು ಅಪ್ಪ, ದಿನಕ್ಕೆ ಎರಡು ಸಲ, ಕೂದಲು ಹೋಗೋ ದಿಕ್ಕಿಗೆ, ಅವನು ತಲೆಯಾಡಿಸಿ ಕೇಳಿದ, ಹೌದಾ, ಹಾಗಾ, ಎಂದು ಮೊದಲ ಸಲ ಕೇಳುವವನ ಹಾಗೆ.

ಆಯ್ತು ಸಿಸ್ಟರಮ್ಮ. ಅವಳು ಟ್ಯೂಬು ಕೆಳಗಿಟ್ಟು, ಬೆನ್ನಿನ ಚಿತ್ರದ ಹಾಳೆ ಪೆನ್ಸಿಲು ಹಿಡಿದು ಪರದೆ ಸರಿಸಿದಳು. ಪೋಸ್ಟಮ್ಮ ಸ್ಟೂಲಿನ ಮೇಲೆ ಗೋಡೆಯ ಕಡೆ ತಿರುಗಿ ಕೂತಿದ್ದಾರೆ, ರವಿಕೆಯನ್ನು ಎದೆಗೆ ಅವುಚಿಕೊಂಡು, ಕತ್ತು ಬಗ್ಗಿಸಿ, ಕಿಟಕಿಯ ಬೆಳಕು ನೇರ ಬೆನ್ನಿನ ಮೇಲೆ. ಪೆನ್ಸಿಲು ಹಾಳೆಯ ಮೇಲೆ ನಿಂತೇ ಬಿಟ್ಟಿತು. ಭುಜ ಸ್ವಚ್ಛ. ಭುಜದಿಂದ ಕೆಳಕ್ಕೆ ಒಂದು ಗೇಣು ಸ್ವಚ್ಛ, ಸೊಂಟದಿಂದ ಮೇಲಕ್ಕೂ ಸ್ವಚ್ಛ, ಪಕ್ಕೆಗಳು ಸ್ವಚ್ಛ, ಎಂಥ ಚಂದದ ಚರ್ಮ, ನಡುವೆ ಮಾತ್ರ ಕೆಂಡ, ದಪ್ಪ ಹಕ್ಕಳೆ ಕಟ್ಟಿ ಬಿರುಕುಬಿಟ್ಟು ಎರಡು ಕಡೆ ನೀರೊಸರಿ ರವಿಕೆಯ ನೂಲು ಅಂಟಿಕೊಂಡದ್ದು, ಅದರ ಅಂಚು ರೋಗದ ಅಂಚಿನ ಹಾಗೆ ಅಂಕುಡೊಂಕಿಲ್ಲ, ಮೇಲೆ ಬೆರಳಿನ ತುದಿಗಳು ಇಳಿದು ಇಳಿದು ಇನ್ನಾಗದು ಎಂದು ನಿಂತ ಗುರುತು, ಕೆಳಗೆ ಬೆರಳಿನ ತುದಿಗಳು ಹತ್ತಿ ಹತ್ತಿ ನಿಂತ ಗುರುತು. ಮುಲಾಮು ಕೆಲಸ ಮಾಡುತ್ತಿಲ್ಲವಂತೆ. ಬಿದ್ದ ಕಡೆಯೆಲ್ಲ ಮಾಡಿದೆಯಲ್ಲ. ಅಮ್ಮಾ, ಎಂದಳು, ಇಲ್ಲಿಗೆ ಯಾರಮ್ಮ ಹಚ್ತಾರೆ? ಪೋಸ್ಟಮ್ಮ ಗೋಡೆಗೇ ಹೇಳಿದರು, ಅವರು ಹಚ್ತಿದ್ರು. ಮತ್ತೆ ಟ್ಯೂಬು? ಕೈ ಹೋಗೋ ಕಡೆ ಹಚ್ಕೊಂಡು ಉಳಿದಿದ್ದನ್ನ ಹಳೇ ಪೇಪರಿಗೆ ಹಿಂಡಿ ಎಸೀತೀನಿ, ತಪ್ಪು ತಿಳ್ಕೋಬೇಡಿ, ತುಂಬಿದ್ದನ್ನ ತಂದ್ರೆ ನೀವು ಬೈತೀರಲ್ಲ. ಹೇಳಬಾರದಿತ್ತಾ ಅಮ್ಮಾ ನನಗೆ? ಏನಂತ ಹೇಳ್ಲಿ — ಪೋಸ್ಟಮ್ಮ ಮೊದಲ ಸಲ ಅರ್ಧ ತಿರುಗಿದರು, ಕಣ್ಣು ಒದ್ದೆಯಿಲ್ಲ, ಕೋಪವೇ ಇತ್ತು — ಅಷ್ಟು ಜನರ ಮುಂದೆ ನಿಂತ್ಕೊಂಡು, ನನ್ನ ಬೆನ್ನು ಮುಟ್ಟೋರು ಯಾರೂ ಇಲ್ಲ ಅಂತ ಹೇಳ್ಲಾ? ಅವಳು ಹಾಳೆ ಪೆನ್ಸಿಲು ಕೆಳಗಿಟ್ಟಳು. ಪರದೆಯಾಚೆ ಚಪ್ಪಲಿಯ ಸದ್ದು, ಸಿಸ್ಟರ್, ಮಾತ್ರೆ ಕೊಟ್ಟಾಯ್ತಾ, ಡಾಕ್ಟರ ದನಿ. ಇಲ್ಲ ಸರ್. ಪರದೆಯ ಈಚೆ ನಿಂತೇ ಹೇಳಿದಳು, ನಾನು ಹೇಳಿದ್ದು ತಪ್ಪು, ಒಂದು ವರ್ಷದಿಂದ ಬೆನ್ನಿಗೆ ಮುಲಾಮು ಬಿದ್ದೇ ಇಲ್ಲ, ಹಚ್ಚೋರಿಲ್ಲ, ನಾನು ನೋಡದೇ ಬರೆದೆ, ಫೈಲಲ್ಲಿ ಹನ್ನೊಂದು ಕಡೆ ಇದೆ, ಅಷ್ಟೂ ಸುಳ್ಳು, ಈ ಚೀಟಿ ಹರಿದುಹಾಕಿ ಎರಡು ತಿಂಗಳು ಕೊಡಿ. ಮೂವತ್ತೊಂದು ವರ್ಷದ ಹೆಸರು ಹೋಗುವುದಕ್ಕೆ ಇಷ್ಟು ಮಾತು ಸಾಕು, ಹೋಗಲಿ. ದಿನಾ ಯಾರು ಹಚ್ತಾರೆ ಸಿಸ್ಟರ್? ನಾನು. ಭಾನುವಾರ? ಭಾನುವಾರವೂ ನನಗೆ ಎರಡು ಕೈ ಇರ್ತಾವೆ ಸರ್. ಡಾಕ್ಟರು ನಕ್ಕರೋ ಇಲ್ಲವೋ ತಿಳಿಯಲಿಲ್ಲ, ಸರಿ, ಎರಡು ತಿಂಗಳು, ಎಂದು ಹೋದರು.

ಅವಳು ಕೈ ತೊಳೆದು ಬೆರಳಿಗೆ ಮುಲಾಮು ತೆಗೆದುಕೊಂಡಳು, ತಣ್ಣಗಿರತ್ತೆ ಅಮ್ಮಾ, ಎಂದಳು, ಎರಡೂ ಗೆರೆಗಳ ನಡುವೆ ಬೆರಳಿಟ್ಟಳು, ಬೆನ್ನು ಒಂದು ಸಲ ಬೆಚ್ಚಿ ಸೆಟೆದು ಆಮೇಲೆ ನಿಧಾನಕ್ಕೆ ಇಳಿಯಿತು, ಒಂದು ವರ್ಷದ ಉಸಿರು ಒಮ್ಮೆಗೇ ಹೊರಗೆ ಬಂದ ಹಾಗೆ, ಕೂದಲು ಹೋಗುವ ದಿಕ್ಕಿಗೆ, ಬೆಣ್ಣೆ ತೆಗೆಯುವ ಹಾಗೆ, ಮತ್ತು ಬೆರಳಿನ ಕೆಳಗೆ ಬೆನ್ನು ಬದಲಾಯಿತು, ಇದು ಅಪ್ಪನದು, ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವನಿಗೆ ಪ್ರಜ್ಞೆ ತಪ್ಪಿ ಬೇಡ ಎನ್ನಲು ಬಾಯಿಲ್ಲದಾಗ ಅವಳೇ ಅಂಗಿ ಬಿಚ್ಚಿ ಮೈ ಒರೆಸಿದಳಲ್ಲ, ಪಕ್ಕಕ್ಕೆ ಹೊರಳಿಸಿ ನೋಡಿದಳು, ಅಣ್ಣತಮ್ಮ ಇಲ್ಲ, ಓತಿ ಇಲ್ಲ, ದೊಡ್ಡ ದೇಶ ಮಾತ್ರ ನಟ್ಟನಡುವೆ ಹಾಗೆಯೇ, ನೋಡಿ ಅಂದುಕೊಂಡದ್ದು ಏನು, ಹಟಮಾರಿ ರೋಗ, ಇಲ್ಲಿ ಔಷಧಿಗೂ ಬಗ್ಗಲಿಲ್ಲ, ಎಂದು, ನರ್ಸಾಗಿ ಆರು ವರ್ಷವಾಗಿತ್ತು ಆಗ, ಹಾಗಂದುಕೊಂಡಳು. ಆಮೇಲೆ ಅಂಗಡಿ ಖಾಲಿ ಮಾಡುವಾಗ ಬಾಗಿಲ ಹಿಂದೆ ಸಿಕ್ಕಿದ ಬಟ್ಟೆ ಅಳೆಯುವ ಮರದ ಪಟ್ಟಿ, ಒಂದು ತುದಿಗೆ ಹಳೇ ಬನಿಯನ್ನಿನ ಚೂರು ಸುತ್ತಿ ದಾರದಲ್ಲಿ ಬಿಗಿದು ಹೊಲಿದದ್ದು, ಅಂಥ ಅಚ್ಚುಕಟ್ಟು ಹೊಲಿಗೆ, ಚೂರು ಕಪ್ಪಗೆ, ಯಂತ್ರದ ಅಡಿಯ ಧೂಳು ಎಣ್ಣೆ ಒರೆಸಲು ಮಾಡಿಕೊಂಡಿದ್ದಾನೆ ಎಂದುಕೊಂಡು ಯಂತ್ರ ಕೊಂಡವನಿಗೆ ಅದನ್ನೂ ಕೊಟ್ಟುಬಿಟ್ಟಳು, ಮೂಸಿಯೂ ನೋಡಲಿಲ್ಲ, ಒಂದು ಸಲ ಮೂಸಿದ್ದರೆ — ಮುಸ್ಸಂಜೆ ಅರ್ಧ ಎಳೆದ ಬಾಗಿಲ ಹಿಂದೆ ಒಬ್ಬನೇ, ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು, ಪಟ್ಟಿಯನ್ನು ಭುಜದ ಮೇಲಿಂದ ಹಿಂದಕ್ಕೆ ಇಳಿಸುತ್ತ, ಎಲ್ಲಿ ಎಂದು ಹುಡುಕುತ್ತ, ಮಗಳಿಗೆ ಖಾಲಿ ಡಬ್ಬಿ ತೋರಿಸಬೇಕಲ್ಲ — ಅಪ್ಪಾ, ಎಂದಳೇನೋ, ಪೋಸ್ಟಮ್ಮ, ಏನಂದ್ರಿ, ಎಂದರು, ಏನಿಲ್ಲ ಅಮ್ಮಾ, ಕೂತಿರಿ, ಇನ್ನೂ ಇದೆ, ಮೇಲಿನಿಂದ ಒಂದು ಕೈ ಇಳಿದು ನಿಂತ ಗುರುತು, ಕೆಳಗಿನಿಂದ ಒಂದು ಕೈ ಹತ್ತಿ ನಿಂತ ಗುರುತು, ನಡುವೆ ಒಂದು ಅಂಗೈಯಗಲ, ಅಷ್ಟೇ, ಅವಳ ಅಂಗೈ ಅಲ್ಲಿ ಸರಿಯಾಗಿ ಕೂರುತ್ತದೆ, ಎಂಟು ವರ್ಷದವಳಾಗಿದ್ದಾಗಿನ ಅಂಗೈಯಾದರೂ ಸಾಕಿತ್ತು, ಮೇಲಿನಿಂದ ಒಂದು ಕೈ, ಕೆಳಗಿನಿಂದ ಒಂದು ಕೈ, ನಡುವೆ ಒಂದು ಅಂಗೈಯಗಲ —